ಇಸ್ತ್ರಿ ಹಾಕಿದ ಕಾಗದ

ಜನವರಿ 8

ಅಕ್ಕಾ,

ನಾನು ಬಿಸ್ಕತ್ತಿನ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿಲ್ಲ. ಯಾವತ್ತೂ ಮಾಡಿಲ್ಲ. ನಾನಿರುವುದು ಹಂದಿ ಸಾಕುವ ಫಾರ್ಮ್‌ನಲ್ಲಿ.

ನಿಂತು ಓದುತ್ತಿದ್ದರೆ ಮೊದಲು ಕೂತುಕೋ. ತುಂಬಿದ ಬಸುರಿ ನೀನು. ಕೂತ ಮೇಲೆ ಮುಂದಕ್ಕೆ ಓದು.

ಸುಳ್ಳು ಹೇಳಿದೆ ಅನ್ನಬೇಡ. ಕೆಲಸ ಸಿಕ್ಕಾಗ 'ಆಹಾರಕ್ಕೆ ಸಂಬಂಧಪಟ್ಟದ್ದು' ಎಂದಷ್ಟೇ ಹೇಳಿದ್ದೆ. ಅದನ್ನು ಬಿಸ್ಕತ್ತು ಮಾಡಿದವಳು ನೀನು. ನೀನು ಭಾವನಿಗೆ ಹೇಳಿದೆ, ಭಾವ ಅಂಗಡಿಗೆ ನಲ್ಲಿ ಕೊಳ್ಳಲು ಬಂದವರಿಗೆಲ್ಲ ಹೇಳಿದರು, ನೋಡನೋಡುತ್ತಿದ್ದಂತೆ ನಾನು ಕ್ರೀಮ್ ಬಿಸ್ಕತ್ತಿನ ಮೇಲ್ವಿಚಾರಕನಾಗಿದ್ದೆ. ತಿದ್ದಬಹುದಿತ್ತು. ತಿದ್ದಲಿಲ್ಲ. ಆದರೆ ಹೋದ ವಾರ ಊರಿಗೆ ಬಂದಾಗ ತಂದ ಡಬ್ಬಿ ಇದೆಯಲ್ಲ, ಅದು ಬಸ್ ನಿಲ್ದಾಣದಲ್ಲಿ ಕೊಂಡದ್ದು. ಬೆಲೆಯ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದೆ. ನೀನು ಒಂದನ್ನು ಕಚ್ಚಿ, ಕಣ್ಣು ಮುಚ್ಚಿ, "ನನ್ನ ತಮ್ಮನ ಕೈರುಚಿ" ಅಂದೆ. ಆಗಿನಿಂದ ನನಗೆ ಊಟ ಸೇರುತ್ತಿಲ್ಲ.

ಗಣಿತದ ಪರೀಕ್ಷೆಯಲ್ಲಿ 'ಇದರಲ್ಲಿ ಒಂದೂ ನನಗೆ ಗೊತ್ತಿಲ್ಲ' ಎಂದು ಬರೆದು, ಕೆಳಗೆ ಸಹಿ ಹಾಕಿ, ಶಾಲೆಯಿಂದಲೇ ಎದ್ದುಬಂದವನು ನಾನು. ಬೇಕರಿಯಲ್ಲಿ "ಬನ್ನು ಇವತ್ತಿಂದಾ?" ಎಂದು ಕೇಳಿದವರಿಗೆ "ಮೊನ್ನೆದು" ಎಂದು ಹೇಳಿ ಕೆಲಸ ಕಳೆದುಕೊಂಡೆ. ಬಟ್ಟೆ ಅಂಗಡಿಯಲ್ಲಿ "ಈ ಬಣ್ಣ ನಂಗೊಪ್ಪತ್ತಾ?" ಎಂದವರಿಗೂ ನಿಜವನ್ನೇ ಹೇಳಿದೆ. ಹಂದಿಗಳು ಇಂಥ ಪ್ರಶ್ನೆ ಕೇಳುವುದಿಲ್ಲ. ಅದಕ್ಕೇ ಇರಬೇಕು, ನಾನು ಬಿಟ್ಟು ಓಡಿಹೋಗದ ಮೊದಲ ಕೆಲಸ ಇದು.

ನೀನು ಅಂದುಕೊಳ್ಳುವಷ್ಟು ಗಲೀಜಿಲ್ಲ. ಒಳಗೆ ಹೋಗುವ ಮುಂಚೆ ಹೊರಗಿನ ಕೋಣೆಯಲ್ಲಿ ಎರಡು ರಾತ್ರಿ ಇರಬೇಕು. ಆಮೇಲೆ ಹೊರಗಿನ ಬಟ್ಟೆ, ಚಪ್ಪಲಿ, ಫೋನು ಎಲ್ಲವನ್ನೂ ಗೇಟಿನಲ್ಲಿಟ್ಟು, ತಲೆಯಿಂದ ಕಾಲಿನವರೆಗೆ ಸೋಪು ಹಚ್ಚಿ ಸ್ನಾನ ಮಾಡಿ, ಆ ಕಡೆಯ ಬಾಗಿಲಿನಿಂದ ಫಾರ್ಮ್‌ನ ಬಟ್ಟೆ ಹಾಕಿಕೊಂಡು ಹೊರಬೀಳಬೇಕು. ಹೊರಗಿನ ರೋಗ ಹಂದಿಗಳಿಗೆ ಬರಬಾರದು, ಹಂದಿಗಳ ರೋಗ ನಮಗೆ ಬರಬಾರದು, ಅದಕ್ಕೆ. ಫೋನಿಗೆ ಸ್ನಾನ ಮಾಡಿಸಲಾಗದ ಕಾರಣ ಅದಕ್ಕೆ ಪ್ರವೇಶವಿಲ್ಲ. ಕಾಗದಗಳನ್ನು ರೋಗಾಣು ಕೊಲ್ಲುವ ನೀಲಿ ದೀಪದ ಪೆಟ್ಟಿಗೆಯಲ್ಲಿ ಒಂದಷ್ಟು ಹೊತ್ತು ಇಟ್ಟು ಕೊಡುತ್ತಾರೆ. ಈಗ ಗೊತ್ತಾಯಿತಲ್ಲ, ನಾನೇಕೆ ಹಳೇ ಕಾಲದವರ ಹಾಗೆ ಕಾಗದ ಬರೆಯುತ್ತೇನೆಂದು.

ಗೇಟಿನ ಮೇಲ್ವಿಚಾರಕರನ್ನು ನಾವು ಸೋಪಣ್ಣ ಎನ್ನುತ್ತೇವೆ. ಸ್ನಾನದ ಕೋಣೆಯ ಹೊರಗೆ ನಿಂತು ಕೂಗುತ್ತಿರುತ್ತಾರೆ: "ಕಿವಿ ಹಿಂದೆ ತಿಕ್ಕಿದ್ಯಾ? ಬೆರಳ ಸಂದಿ? ಸುಳ್ಳು ಹೇಳ್ಬೇಡ, ನೀರಿನ ಸದ್ದಲ್ಲೇ ಗೊತ್ತಾಗತ್ತೆ ನಂಗೆ!" ಮೊನ್ನೆ ಒಳಗೆ ಬರುವಾಗ ನನಗೆ ಸ್ವಲ್ಪ ಗಂಟಲು ಕೆರೆತವಿತ್ತು. ಹೇಳಿದೆ. "ಗಂಟಲ ಕೆರೆತನೂ ಒಂದು ಕಾಯ್ಲೆನೇನಯ್ಯ? ಒಳಗೆ ಮೂರು ಹಂದಿ ಮರಿ ಹಾಕೋಕೆ ಕೂತಿವೆ, ಕೈ ಸಾಲ್ತಿಲ್ಲ, ನಡಿ ನಡಿ" ಎಂದು ತಳ್ಳಿದರು.

ಭಾವನ ಧೂಳಿನ ಅಲರ್ಜಿ ಹೇಗಿದೆ? ಊಟದ ಮೇಜಿನಲ್ಲಿ ನನ್ನನ್ನು "ಮೊಣಕೈ ತನಕ ತೊಳ್ದ್ಯಾ?" ಎಂದು ಮೂರು ಸಲ ಎಬ್ಬಿಸಿ ಕಳಿಸಿದರು. ಪ್ರತಿ ಸಲ ವಾಪಸು ಬಂದಾಗಲೂ ನನ್ನ ತಟ್ಟೆಯ ಮೇಲೆ ಸೀನುತ್ತಿದ್ದರು.

ಮಗು ಹುಟ್ಟಿದ ಕೂಡಲೇ ಬರುತ್ತೇನೆ. ನಾನು ಹುಟ್ಟಿದಾಗ ಮೊದಲು ಎತ್ತಿಕೊಂಡವಳು ನೀನಂತೆ. ನಿನ್ನ ಮಗುವನ್ನು ನನ್ನ ಕೈಗೆ ಕೊಡುತ್ತೇನೆಂದು ಮಾತು ಕೊಟ್ಟಿದ್ದೀಯ. ಆ ಮಗುವಿನೆದುರು ಬಸ್ ನಿಲ್ದಾಣದ ಬಿಸ್ಕತ್ತು ಹಿಡಿದು ನಿಲ್ಲಲಾರೆ ಎಂದೇ ಇಷ್ಟೆಲ್ಲ ಬರೆದೆ.

ನಿನ್ನ ತಮ್ಮ


ಜನವರಿ 13

ಬಿಸ್ಕತ್ತಿನವನೇ,

ಹಂದಿ!

ನಿನ್ನನ್ನು ಸೊಂಟದ ಮೇಲೆ ಹೊತ್ತು ಶಾಲೆಗೆ ಕರೆದೊಯ್ದವಳಿಗೆ ಈ ಮಾತು ಹೇಳಲು ನಿನಗೆ ಇಷ್ಟು ತಿಂಗಳು ಬೇಕಾಯಿತೇ? ನನಗೆ ಬೇಸರ ಹಂದಿಯದ್ದಲ್ಲ. ಆ ಡಬ್ಬಿಯಲ್ಲಿ ಉಳಿದದ್ದನ್ನು ಪಕ್ಕದ ಮನೆಯವರಿಗೆ "ಇದು ಅಂಗಡಿಯಲ್ಲಿ ಸಿಗೋದೇ ಇಲ್ಲ" ಎಂದು ಹಂಚಿದ್ದೇನೆ. ಅವರ ಮನೆಯ ಹುಡುಗಿ ಅದೇ ಡಬ್ಬಿಯನ್ನು ಮಾರನೆಯ ದಿನ ಬಸ್ ನಿಲ್ದಾಣದಿಂದ ತಂದು ನನಗೆ ತೋರಿಸಿದಳು. "ಸಿಗತ್ತೆ ಆಂಟಿ" ಅಂದಳು.

ನಿನ್ನ ಭಾವನ ಕಥೆ ಕೇಳಬೇಡ. ಕಾಗದವನ್ನು ಅರ್ಧ ಓದಿದವರೇ ಮೇಜಿನ ಮೇಲೆ ಬಿಟ್ಟು, ಹೋಗಿ ಕೈ ತೊಳೆದು, ಇಕ್ಕಳ ತಂದು ಅದರಲ್ಲಿ ಹಿಡಿದು ಉಳಿದರ್ಧ ಓದಿದರು. ಆಮೇಲೆ ಇಸ್ತ್ರಿ ಪೆಟ್ಟಿಗೆ ಕಾಯಿಸಿ ಎರಡೂ ಕಡೆ ಇಸ್ತ್ರಿ ಹಾಕಿ ನನ್ನ ಕೈಗೆ ಕೊಟ್ಟರು. ಮದುವೆಯಾದಾಗಿನಿಂದ ಒಂದು ಅಂಗಿಗೆ ಇಸ್ತ್ರಿ ಹಾಕದ ಮನುಷ್ಯ! "ಹಂದಿಜ್ವರ ಬಿಸಿಗೆ ಸಾಯತ್ತೆ" ಅಂದರು. ಇನ್ನು ಮುಂದೆ ನಿನ್ನ ಎಲ್ಲ ಕಾಗದಕ್ಕೂ ಇದೇ ಸತ್ಕಾರವಂತೆ.

ಹಂದಿಗಳ ಹತ್ತಿರ ಮುಖ ತರಬೇಡ. ಬೆಚ್ಚಗಿರು. ನಾನು ಚೆನ್ನಾಗಿದ್ದೇನೆ. ಇಲ್ಲಿನ ಕಿಟಕಿ ದೊಡ್ಡದು, ಬೆಳಗಿನ ಬಿಸಿಲು ನೇರ ಮಂಚದ ಮೇಲೆಯೇ ಬೀಳುತ್ತದೆ, ಹಾಯಾಗಿದೆ. ಅಡುಗೆಯ ಚಿಂತೆಯೂ ಇಲ್ಲ. ಅಕ್ಷರ ಸೊಟ್ಟಗಿದ್ದರೆ ಮಲಗಿಕೊಂಡು ಬರೆಯುತ್ತಿದ್ದೇನೆ ಎಂದುಕೋ. ನಾನು ಚೆನ್ನಾಗಿದ್ದೇನೆ.

ಅಕ್ಕ


ಜನವರಿ 17

ಅಕ್ಕಾ,

ಕಿಟಕಿ ದೊಡ್ಡದು ಮಾಡಿಸಿದ್ದು ಒಳ್ಳೆಯದಾಯಿತು. ನಾನು ಬಂದಾಗ ಸಣ್ಣದೇ ಇತ್ತು, ಇಷ್ಟು ಬೇಗ ಗೋಡೆ ಒಡೆಸಿದಿರಾ? ಭಾವ ಅಡುಗೆ ಮಾಡುತ್ತಿದ್ದಾರೆ ಅಂದರೆ ಅವರ ಬಗ್ಗೆ ನನ್ನ ಅಭಿಪ್ರಾಯವನ್ನೂ ಸ್ವಲ್ಪ ದೊಡ್ಡದು ಮಾಡಿಕೊಳ್ಳುತ್ತೇನೆ.

ನೀನು 'ಮುಖ ತರಬೇಡ' ಎಂದು ಬರೆದಿದ್ದೀಯ. ತಡವಾಯಿತು. ಮುಚ್ಚಿಡುವುದು ಸಾಕಾಗಿದೆ, ಹೇಳಿಬಿಡುತ್ತೇನೆ.

ನಾನು ಒಳಗೆ ಬಂದ ದಿನವೇ ಒಂದು ಹಂದಿ ಮರಿ ಹಾಕಿತು. ಕೊನೆಯದು ಗೇಣುದ್ದ, ಉಸಿರೇ ಇಲ್ಲ. ಒರೆಸಿದೆ, ತಲೆಕೆಳಗು ಮಾಡಿ ತಟ್ಟಿದೆ, ಏನೂ ಇಲ್ಲ. ಕೊನೆಗೆ ಬಾಯಿಗೆ ಬಾಯಿ ಇಟ್ಟು ಊದಿದೆ. ಇಲ್ಲಿ ಕೆಲವರು ಹಾಗೆ ಮಾಡುತ್ತಾರೆ, ಮಾಡಬಾರದು ಎಂದು ಹಂದಿಗಳ ಡಾಕ್ಟರಮ್ಮ ಬಯ್ಯುತ್ತಾರೆ. ಎಷ್ಟೋ ಹೊತ್ತಾದ ಮೇಲೆ ಅವಳು ಕಣ್ಣು ಬಿಟ್ಟು ನನ್ನನ್ನೇ ನೋಡಿದಳು. ಗೇಣು ಎಂದು ಕರೆಯುತ್ತೇನೆ. ಈಗ ನನ್ನ ಹೆಜ್ಜೆಯ ಸದ್ದು ಕೇಳಿದರೆ ಸಾಕು, ಓಡಿ ಬರುತ್ತಾಳೆ. ಹನ್ನೊಂದು ಜನ ಅಕ್ಕತಂಗಿ ಅಣ್ಣತಮ್ಮಂದಿರು, ಅವರ ನಡುವೆ ಇವಳಿಗೆ ಹಾಲು ಸಿಗುವುದೇ ಕಷ್ಟ. ಅವಳ ತಾಯಿಗೆ ನಾನು ಹತ್ತಿರ ಬರುವುದು ಇಷ್ಟವಿಲ್ಲ, ನಿನ್ನೆ ನನ್ನ ಮೊಣಕಾಲು ಕಚ್ಚಿದಳು.

ಇನ್ನೊಂದು ಸಂಗತಿ. ಹೆರಿಗೆ ಶೆಡ್ಡಿನ ಹಂದಿಗಳು ಕೆಮ್ಮುತ್ತಿವೆ. ಮೇವು ಮುಟ್ಟುತ್ತಿಲ್ಲ, ಒಂದರ ಮೇಲೊಂದು ಬಿದ್ದುಕೊಂಡಿವೆ. ಹಂದಿ ಕೆಮ್ಮುವುದನ್ನು ನೀನು ಕೇಳಿಲ್ಲ. ನಮ್ಮ ಹೆಡ್‌ಮಾಸ್ತರರು ತರಗತಿಗೆ ಬರುವ ಮುಂಚೆ ಕೆಮ್ಮುತ್ತಿದ್ದರಲ್ಲ, ಅದೇ. ಮೊದಲ ದಿನ ನಾನು ಎದ್ದು ನಿಂತುಬಿಟ್ಟೆ.

ನಿನ್ನ ತಮ್ಮ


ಜನವರಿ 23

ಪ್ರೀತಿಯ ತಮ್ಮ,

ಯಾರು ಅವಳು?

ನಿನ್ನ ಕಾಗದಕ್ಕೆ ಇಸ್ತ್ರಿ ಹಾಕುವಾಗ ಅಂಗಡಿಯಿಂದ ಫೋನು ಬಂತಂತೆ, ನಿನ್ನ ಭಾವ ಪೆಟ್ಟಿಗೆಯನ್ನು ಅದರ ಮೇಲೆಯೇ ಮರೆತರು. ಕಾಗದದ ಮಧ್ಯೆ ದೋಣಿಯಾಕಾರದ ಕಂದು ಕಲೆ. ಮೇಲೆ ಕಿಟಕಿ ಇದೆ, ಕೆಳಗೆ ಹೆಡ್‌ಮಾಸ್ತರರ ಕೆಮ್ಮಿದೆ. ನಡುವೆ ಉಳಿದಿರುವುದು ಇಷ್ಟೇ: 'ಬಾಯಿಗೆ ಬಾಯಿ ಇಟ್ಟು'. ಆಮೇಲೆ ಸುಟ್ಟಿದೆ. 'ಅವಳು ಕಣ್ಣು ಬಿಟ್ಟು ನನ್ನನ್ನೇ ನೋಡಿದಳು'. ಮತ್ತೆ ಸುಟ್ಟಿದೆ. 'ಹೆಜ್ಜೆಯ ಸದ್ದು ಕೇಳಿದರೆ ಸಾಕು, ಓಡಿ ಬರುತ್ತಾಳೆ'. ಅದರ ಕೆಳಗೆ 'ಹನ್ನೊಂದು ಜನ ಅಕ್ಕತಂಗಿ'. ಕೊನೆಯಲ್ಲಿ 'ಅವಳ ತಾಯಿಗೆ ನಾನು ಹತ್ತಿರ ಬರುವುದು ಇಷ್ಟವಿಲ್ಲ'.

ನಾನು ಬಯ್ಯುವುದಿಲ್ಲ ಕಣೋ. ವಯಸ್ಸು ಅಂಥದ್ದು. ಆದರೆ ಮನೆ ತುಂಬ ಮಕ್ಕಳಿರುವ ಸಂಸಾರ, ಜವಾಬ್ದಾರಿ ಬಹಳ ಬೀಳುತ್ತದೆ, ಯೋಚಿಸು. ತಾಯಿ ಒಪ್ಪದಿದ್ದರೆ ಹೆರಿಗೆಯಾದ ಮೇಲೆ ನಾನೇ ಬಂದು ಮಾತಾಡುತ್ತೇನೆ. ಹೆಣ್ಣು ಹೆತ್ತವರು ಮೊದಲು ಹಾಗೇ ಹಾರಾಡುತ್ತಾರೆ. ಓದಿದ್ದಾಳಾ? ನಿನ್ನ ಹಾಗೆ ಅರ್ಧಕ್ಕೆ ಬಿಟ್ಟವಳಾ? ಒಂದು ಫೋಟೋ ಕಳಿಸು.

ನಿನ್ನ ಭಾವ "ಮದ್ವೆಗೆ ಮುಂಚೆ ಬಾಯಿಗೆ ಬಾಯಿ ಇಡೋನು ಕೈ ತೊಳೀತಾನಾ?" ಎಂದು ಕೇಳುತ್ತಿದ್ದಾರೆ.

ಈಗ ಇಷ್ಟವಿಲ್ಲದ ಮಾತೊಂದನ್ನು ಬರೆಯಬೇಕು. ಕೆಮ್ಮುವ ಹಂದಿಗಳ ವಿಷಯ ಓದಿದ ಮೇಲೆ ಅವರು ಹಟ ಹಿಡಿದಿದ್ದಾರೆ. ಮಗುವಿಗೆ ಆರು ತಿಂಗಳಾಗುವವರೆಗೆ ನೀನು ಮನೆಗೆ ಬರಬಾರದಂತೆ. ನಾನು ಜಗಳ ಆಡಿದೆ. "ನಿನ್ ತಮ್ಮ ಬೇಕೋ, ಮಗು ಬೇಕೋ?" ಅಂದರು. ಅಂಥ ಪ್ರಶ್ನೆ ಕೇಳುವವರಿಗೆ ಏನು ಹೇಳುವುದು? ಅವರು ಹೆದರಿದ್ದಾರೆ. ಯಾಕೆ ಹೆದರಿದ್ದಾರೆಂದು ಆಮೇಲೆ ಯಾವಾಗಲಾದರೂ ಹೇಳುತ್ತೇನೆ.

ಅಕ್ಕ


ಜನವರಿ 28

ಅಕ್ಕಾ,

ಅವಳು ಹಂದಿ.

ಅವಳ ತಾಯಿಯೂ ಹಂದಿ. ಹನ್ನೊಂದು ಜನವೂ ಹಂದಿಗಳೇ. ಉಸಿರಿಲ್ಲದೆ ಹುಟ್ಟಿದ ಮರಿಗೆ ಬಾಯಿಂದ ಗಾಳಿ ಊದಿ ಬದುಕಿಸಿದೆ, ಅಷ್ಟೇ. ಫೋಟೋ ಕಳಿಸಲು ಇಲ್ಲಿ ಫೋನಿಲ್ಲ. ಕಿವಿ ದೊಡ್ಡದು, ಮೂಗು ಚಪ್ಪಟೆ, ಬಣ್ಣ ತೆಳು ಗುಲಾಬಿ. ಇನ್ನು ನೀನೇ ಊಹಿಸಿಕೋ. ಓದಿಲ್ಲ.

ನಿನ್ನ ಕಾಗದವನ್ನು ನಾನು ಊಟದ ಮನೆಯಲ್ಲಿ ಓದಿ ತಡೆಯಲಾರದೆ ನಕ್ಕೆ. ಯಾಕೆ ಎಂದು ಕೇಳಿದರು, ಹೇಳಿದೆ. ಈಗ ಎಲ್ಲರೂ ಗೇಣುವಿನ ತಾಯಿಯನ್ನು ನನ್ನ ಅತ್ತೆ ಎನ್ನುತ್ತಿದ್ದಾರೆ. "ನಿಮ್ಮತ್ತೆಗೆ ಮೇವು ಹಾಕ್ದ್ಯೇನೋ?" ಎಂದು ಕೂಗುತ್ತಾರೆ.

ನಗು ಅಲ್ಲಿಗೇ ಮುಗಿಯಿತು. ಕೆಮ್ಮು ಎಲ್ಲ ಶೆಡ್ಡಿಗೂ ಹಬ್ಬಿದೆ. ಡಾಕ್ಟರಮ್ಮ ಬಂದು ಪ್ರತಿ ದೊಡ್ಡಿಯಲ್ಲೂ ಒಂದೊಂದು ಹತ್ತಿ ಹಗ್ಗ ಇಳಿಬಿಟ್ಟರು. ಹಂದಿಗೆ ಹಗ್ಗ ಕಂಡರೆ ಅಗಿಯದೆ ಇರಲಾಗದು. ಅವು ಅಗಿದದ್ದನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಹಿಂಡಿ ಜೊಲ್ಲು ಇಳಿಸುವುದು ನನ್ನ ಕೆಲಸ. ಹಿಂಡಿದ್ದನ್ನು ಪರೀಕ್ಷೆಗೆ ಕಳಿಸಿದ್ದಾರೆ. ಭಾವನಿಗೆ ಈ ಸಾಲನ್ನು ಓದಿ ಹೇಳಬೇಡ.

"ಸತ್ತುಹೋಗ್ತಾವಾ?" ಎಂದು ಕೇಳಿದೆ. "ಬಹುತೇಕ ಒಂದು ವಾರದಲ್ಲಿ ಏಳ್ತಾವೆ. ನನ್ ಚಿಂತೆ ಅದಲ್ಲ" ಅಂದರು. ಹಂದಿಯ ಮೈ ಸಂತೆಯ ಹಾಗಂತೆ. ಹಕ್ಕಿಗಳಿಗೆ ಬರುವ ಫ್ಲೂ ವೈರಸ್ಸೂ ಅಲ್ಲಿಗೆ ಬರಬಹುದು, ಮನುಷ್ಯರದ್ದೂ ಬರಬಹುದು. ಎರಡೂ ಒಂದೇ ಹಂದಿಯೊಳಗೆ ಎದುರುಬದುರಾದರೆ ಅದನ್ನು ಇದು, ಇದನ್ನು ಅದು ಬದಲಾಯಿಸಿಕೊಂಡು, ಯಾರೂ ಕಂಡಿರದ ಹೊಸದೊಂದು ಎದ್ದು ಬರಬಹುದಂತೆ. ಅದಕ್ಕೇ, ಇದು ಯಾವುದು ಎಂದು ಗೊತ್ತಾಗುವವರೆಗೆ ಫಾರ್ಮ್‌ನಿಂದ ಹಂದಿಯೂ ಹೊರಗೆ ಹೋಗುವಂತಿಲ್ಲ, ನಾವೂ ಹೋಗುವಂತಿಲ್ಲ.

ಇಲ್ಲಿ ಈಗ ಎಲ್ಲರೂ ಪತ್ತೇದಾರರು. ಫಾರ್ಮ್‌ನ ಯಜಮಾನರು ಮೇವಿನ ಲಾರಿಯ ಚಾಲಕನ ಮೇಲೆ ಕೂಗಾಡಿದರು. ಸೋಪಣ್ಣನಿಗೆ ಚಾವಣಿಯ ಗುಬ್ಬಚ್ಚಿಗಳ ಮೇಲೆ ಅನುಮಾನ, ಪೊರಕೆ ಹಿಡಿದು ಓಡಾಡುತ್ತಿದ್ದಾರೆ. ಅಡುಗೆಯವರು ಸೋಪಿನ ಮೇಲೆಯೇ ತಪ್ಪು ಹಾಕಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಎಂದರೆ ಇದೇ. ನಾನು ಮಾತ್ರ ಯಾರ ಹೆಸರನ್ನೂ ಹೇಳಿಲ್ಲ. ನನಗೆ ಬೇರೊಂದು ಯೋಚನೆ ಬಂದಿದೆ. ಅದು ನಿಜವಾಗದಿರಲಿ.

ಆರು ತಿಂಗಳ ವಿಷಯ ಓದಿದೆ. ಆರು ತಿಂಗಳ ಮಗು ಅಂದರೆ ಅದಾಗಲೇ ಎಲ್ಲರನ್ನೂ ನೋಡಿ ಮುಗಿಸಿರುತ್ತದೆ. ನಾನು ಕೊನೆಯವನಾಗುತ್ತೇನೆ. ಆದರೂ ನಿನ್ನೊಡನೆ ವಾದ ಮಾಡುವುದಿಲ್ಲ. ಈಗ ಬಾ ಎಂದರೂ ಬರಲಾರೆ, ಗೇಟಿಗೆ ಬೀಗ. ನೀನು ಬರೆಯುತ್ತಿರು.

ನಿನ್ನ ತಮ್ಮ


ಫೆಬ್ರವರಿ 10

ಅಕ್ಕಾ,

ನಿನ್ನಿಂದ ಕಾಗದವಿಲ್ಲ. ಗೇಟಿಗೆ ದಿನಾ ಹೋಗಿ ಕೇಳುತ್ತೇನೆ. ಹಂದಿಯ ಜೊಲ್ಲಿನ ವಿಷಯ ಓದಿ ಅಸಹ್ಯವಾಗಿರಬೇಕು ಎಂದುಕೊಂಡೆ. ಇಲ್ಲವೇ ಭಾವ ಈ ಸಲ ಇಸ್ತ್ರಿ ಬಿಟ್ಟು ನೇರ ಒಲೆಗೇ ಹಾಕಿರಬೇಕು. ಏನೇ ಆಗಿರಲಿ, ಇದನ್ನು ಮಾತ್ರ ಅವರಿಗೂ ಓದಿ ಹೇಳು.

ಪರೀಕ್ಷೆಯ ಫಲಿತಾಂಶ ಬಂತು. ಡಾಕ್ಟರಮ್ಮ ನಮ್ಮನ್ನೆಲ್ಲ ಮೇವಿನ ಗೋದಾಮಿನ ಮುಂದೆ ದೂರದೂರ ನಿಲ್ಲಿಸಿದರು. ಯಜಮಾನರೂ ಇದ್ದರು.

"ಇದು ಹಂದಿಗಳ ಕಾಯ್ಲೆ ಅಲ್ಲ. ಹಕ್ಕೀದೂ ಅಲ್ಲ. ಈ ಚಳೀಲಿ ಊರೂರಲ್ಲಿ ಜನಕ್ಕೆ ಬರ್ತಿದೆಯಲ್ಲ, ಅದೇ ಫ್ಲೂ. ನಿಮ್ಮಲ್ಲೊಬ್ರು ಇವಕ್ಕೆ ಕೊಟ್ಟಿದ್ದೀರಿ" ಅಂದರು.

ಸೋಪಣ್ಣ ಮೆಲ್ಲಗೆ ಕೇಳಿದರು: "ಹಂದಿಯಿಂದ ಮನುಷ್ಯರಿಗೆ ಬರತ್ತೆ ಅಂತಾರೆ. ಇದು ಉಲ್ಟಾ ಅಲ್ವಾ ಡಾಕ್ಟರಮ್ಮ?"

"ಅದೇನು ಒಂದೇ ಕಡೆಗೆ ಹೋಗೋ ರಸ್ತೆನಾ? ಆ ಕಡೆಯಿಂದ ಈ ಕಡೆಗೆ ಬರೋದು ಈ ಕಡೆಯಿಂದ ಆ ಕಡೆಗೂ ಹೋಗತ್ತೆ. ಯಾರಿಗೆ ಶೀತ ಇತ್ತು ಹೇಳಿ. ನಂಗೆ ಜಗಳ ಬೇಡ, ಎಲ್ಲಿಂದ ಶುರುವಾಯ್ತು ಅಂತ ಗೊತ್ತಾಗ್ಬೇಕು."

ಅಕ್ಕಾ, ಶಾಲೆಯಲ್ಲಿ ಒಂದು ದಿನವೂ ಎತ್ತದ ಕೈಯನ್ನು ಎತ್ತಿದೆ.

"ನಂಗೆ ಗಂಟಲು ಕೆರೆತ ಇತ್ತು. ಮಾರನೇ ದಿನ ಮೂಗೂ ಸೋರ್ತಿತ್ತು."

"ಯಾವ ಹಂದಿ ಹತ್ರ ಹೋಗಿದ್ದೆ?"

"ಎಲ್ಲದರ ಹತ್ರ."

"ತುಂಬಾ ಹತ್ರ ಯಾವುದಕ್ಕೆ ಹೋಗಿದ್ದೆ ಅಂತ ಕೇಳ್ತಿದ್ದೀನಿ."

"ಗೇಣುಗೆ. ಬಾಯಿಗೆ ಬಾಯಿ."

ಹಿಂದಿನಿಂದ ಯಾರೋ "ಅವನ ಅಕ್ಕನಿಗೂ ವಿಷಯ ಗೊತ್ತು ಡಾಕ್ಟರಮ್ಮ" ಅಂದರು. ಯಜಮಾನರೊಬ್ಬರನ್ನು ಬಿಟ್ಟು ಎಲ್ಲರೂ ನಕ್ಕರು. ಡಾಕ್ಟರಮ್ಮ ಹಣೆ ಹಿಡಿದುಕೊಂಡರು. "ನಿಂಗೆಲ್ಲಿಂದ ಬಂತು?"

"ನಮ್ಮ ಭಾವನಿಂದ. ನನ್ನ ತಟ್ಟೆ ಮೇಲೆ ಸೀನಿದ್ರು."

"ಏನ್ ಕೆಲಸ ಅವರಿಗೆ?"

"ನಲ್ಲಿ, ಬೇಸಿನ್ ಅಂಗಡಿ. ಕೈ ತೊಳೆಯೋ ಸಾಮಾನು."

ಈ ಸಲ ಯಜಮಾನರಿಗೂ ಗಡ್ಡದೊಳಗೆ ನಗು ಬಂತು. ಆದರೆ ಅವರ ಮುಂದಿನ ಪ್ರಶ್ನೆಯೇ ನನ್ನ ಕುತ್ತಿಗೆಗೆ ಬಂದದ್ದು. "ಶೀತ ಇದ್ದೋನು ಗೇಟಲ್ಲಿ ಯಾಕೆ ಹೇಳ್ಲಿಲ್ಲ?"

ಸೋಪಣ್ಣ ನನ್ನನ್ನೇ ನೋಡುತ್ತಿದ್ದರು. ಅವರ ಕೈಯಲ್ಲಿನ್ನೂ ಗುಬ್ಬಚ್ಚಿಯ ಪೊರಕೆ ಇತ್ತು. ಒಳ್ಳೆಯ ಮನುಷ್ಯ ಅಕ್ಕಾ, ಹೋದ ಮಳೆಗಾಲ ನನಗೆ ಜ್ವರ ಬಂದಾಗ ತಮ್ಮ ಕಂಬಳಿ ಕೊಟ್ಟವರು. 'ಮರೆತೆ' ಎಂದು ಒಂದೇ ಮಾತು ಸಾಕಿತ್ತು. ಬಾಯಿ ತೆರೆದೆ. ಆ ಮಾತು ಬರಲಿಲ್ಲ. ಆ ಬಿಸ್ಕತ್ತಿನ ಡಬ್ಬಿ ಗಂಟಲಲ್ಲಿ ಅಡ್ಡ ಕೂತಿತ್ತು.

"ಹೇಳಿದ್ದೆ" ಅಂದೆ.

ಅವತ್ತಿನಿಂದ ಸೋಪಣ್ಣ ನನ್ನೊಡನೆ ಮಾತಾಡಿಲ್ಲ. ಸ್ನಾನದ ಕೋಣೆಯ ಹೊರಗೆ ನಿಂತರೂ ಕಿವಿಯ ಹಿಂದಿನದ್ದನ್ನು ಕೇಳುವುದಿಲ್ಲ. ನಾನೇ ಒಳಗಿನಿಂದ "ತಿಕ್ಕಿದೀನಿ" ಎಂದು ಕೂಗುತ್ತೇನೆ, ಉತ್ತರವಿಲ್ಲ. ಅವರ ಒಂದು ತಿಂಗಳ ರಜೆಯನ್ನು ಯಜಮಾನರು ಕತ್ತರಿಸಿದ್ದಾರೆ. ನನ್ನನ್ನು ಹೆರಿಗೆ ಶೆಡ್ಡಿನಿಂದ ತೆಗೆದು ಸಗಣಿ ಗುಂಡಿಗೆ ಹಾಕಿದ್ದಾರೆ. ಗೇಣುವನ್ನು ದೂರದಿಂದ ನೋಡುತ್ತೇನೆ. ಈಗ ಕೆಮ್ಮಿಲ್ಲ, ಕುತ್ತಿಗೆ ಯಾವುದು ತಲೆ ಯಾವುದು ಗೊತ್ತಾಗದಷ್ಟು ದಪ್ಪಗಾಗಿದ್ದಾಳೆ. ನಮ್ಮೆಲ್ಲರಿಗೂ ಫ್ಲೂ ಲಸಿಕೆ ಚುಚ್ಚಿದರು.

ಭಾವನ ಮೇಲೆ ನನಗೆ ಕೋಪವಿಲ್ಲ. ಅವರು ಬೇಕೆಂದು ಕೊಡಲಿಲ್ಲ, ನಾನೂ ಬೇಕೆಂದು ಕೊಡಲಿಲ್ಲ. ಆದರೆ 'ಹಂದಿಯ ರೋಗ ನಮ್ಮ ಮನೆಗೆ ಬರುತ್ತದೆ' ಎಂದು ನನ್ನನ್ನು ಹೊಸಿಲಾಚೆ ನಿಲ್ಲಿಸಿದ್ದಾರಲ್ಲ, ನಮ್ಮ ಮನೆಯ ರೋಗ ಇಲ್ಲಿನ ಆರು ಶೆಡ್ಡಿನ ಹಂದಿಗಳಿಗೆ ಬಂದಿದೆ ಎಂಬುದು ಅವರಿಗೆ ಗೊತ್ತಿರಲಿ.

ನೀನು ಹೇಗಿದ್ದೀಯ? ಒಂದು ಸಾಲು ಬರೆ. ಬಯ್ದಾದರೂ ಬರೆ.

ನಿನ್ನ ತಮ್ಮ


ಫೆಬ್ರವರಿ 16

ತಮ್ಮಾ,

ಹೆಣ್ಣು ಮಗು. ಹುಟ್ಟಿ ಎರಡು ವಾರವಾಯಿತು. ಕಾಗದ ಬರೆಯಲು ನನ್ನ ಕೈಗಳು ಖಾಲಿಯಾದದ್ದು ಇವತ್ತೇ. ಅಸಹ್ಯವೂ ಇಲ್ಲ, ಒಲೆಯೂ ಇಲ್ಲ.

ನೀನು ಇಷ್ಟೆಲ್ಲ ನಿಜ ಬರೆದ ಮೇಲೆ ನಾನೊಬ್ಬಳೇ ಯಾಕೆ ಮುಚ್ಚಿಡಲಿ? ನಮ್ಮ ಮನೆಯ ಕಿಟಕಿ ಮೊದಲಿನಷ್ಟೇ ಇದೆ. ದೊಡ್ಡ ಕಿಟಕಿ ಆಸ್ಪತ್ರೆಯದು. ನೀನು ಹೋದ ಮಾರನೆಯ ದಿನವೇ ನನಗೆ ಜ್ವರ ಏರಿತು, ಉಸಿರು ಎಳೆಯಲಾಗುತ್ತಿರಲಿಲ್ಲ. ಬಸುರಿಯರಿಗೆ ಫ್ಲೂ ಬಂದರೆ ಕಷ್ಟವಂತೆ, ಮೂಗಿಗೆ ಆಮ್ಲಜನಕದ ಕೊಳವೆ ಹಾಕಿ ಮಲಗಿಸಿದ್ದರು. ನಿನಗೆ ಬರೆದರೆ ಓಡಿ ಬರುತ್ತೀಯ, ಈ ಕೆಲಸವನ್ನೂ ಬಿಡುತ್ತೀಯ ಎಂದು ಬರೆಯಲಿಲ್ಲ. ನಿನ್ನ ಭಾವ ಹೊರಗಿನ ಬೆಂಚಿನ ಮೇಲೆ ಕೂತು ಅತ್ತರಂತೆ, ನರ್ಸಮ್ಮ ಹೇಳಿದರು. ಆಗಲೇ ನಿನ್ನ ಹಂದಿಯ ಕಾಗದ ಬಂತು. ಅವರಿಗೆ ಯಾರ ಮೇಲಾದರೂ ಹಾಕಲು ಒಂದು ತಪ್ಪು ಬೇಕಿತ್ತು, ನೀನೇ ಅಂಚೆಯಲ್ಲಿ ಕಳಿಸಿಕೊಟ್ಟೆ. 'ನನ್ನ ಭಾಮೈದ ತಂದ ಹಂದಿಜ್ವರ' ಎಂದು ಬೀದಿಯಲ್ಲೆಲ್ಲ ಹೇಳಿಕೊಂಡು ಬಂದರು.

ನಿನ್ನ ಕಾಗದವನ್ನು ನಿನ್ನೆ ಊಟದ ಮೇಜಿನಲ್ಲಿ ಗಟ್ಟಿಯಾಗಿ ಓದಿದೆ. ಈ ಸಲ ಇಸ್ತ್ರಿ ಹಾಕಲು ಬಿಡಲಿಲ್ಲ. 'ನಿಮ್ಮಲ್ಲೊಬ್ರು ಇವಕ್ಕೆ ಕೊಟ್ಟಿದ್ದೀರಿ' ಎಂಬಲ್ಲಿಗೆ ಬರುತ್ತಲೇ ಅವರು "ನಂದು ಧೂಳಿನ ಅಲರ್ಜಿ" ಅಂದರು. ಯಾರೂ ಅವರನ್ನು ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

"ಅಲರ್ಜಿಗೆ ಮೈ ಸುಡತ್ತಾ? ಅವತ್ತು ನಿಮ್ಮ ಹಣೆ ಮುಟ್ಟಿ ನೋಡಿದ್ದೆ ನಾನು" ಅಂದೆ.

"ಅಂಗಡಿ ಮುಚ್ಚೋಕಾಗ್ತಿರ್ಲಿಲ್ಲ ಕಣೇ."

"ಮೇಜಿನ ಮೇಲೆ ಸೀನೋದನ್ನ ಮುಚ್ಕೋಬಹುದಿತ್ತಲ್ಲ?"

ಅವರು ಅನ್ನ ಕಲಸುತ್ತಲೇ ಇದ್ದರು, ತಿನ್ನಲಿಲ್ಲ. ಆಮೇಲೆ ಎದ್ದು ಹೋಗಿ ಕೈ ತೊಳೆದರು. ಎಷ್ಟು ಹೊತ್ತು ತೊಳೆದರೆಂದರೆ ನಾನು ಹೋಗಿ ನಲ್ಲಿ ನಿಲ್ಲಿಸಬೇಕಾಯಿತು. ಕಣ್ಣು ಕೆಂಪಾಗಿತ್ತು. "ನಿಂಗೂ ನಾನೇ ಕೊಟ್ಟಿದ್ದು, ಅಲ್ವಾ?" ಅಂದರು. ನಾನು ಸುಳ್ಳು ಹೇಳಬಹುದಿತ್ತು. ನಿನ್ನ ಅಕ್ಕನಲ್ಲವೇ, ಹೇಳಲಿಲ್ಲ.

ಬೆಳಿಗ್ಗೆ ಹೋಗಿ ಲಸಿಕೆ ಹಾಕಿಸಿಕೊಂಡು ಬಂದರು. ಸೂಜಿ ನೋಡಿ ತಲೆ ಸುತ್ತಿ ಬಿದ್ದದ್ದನ್ನು ನಿನಗೆ ಹೇಳಬಾರದೆಂದು ಆಣೆ ಹಾಕಿಸಿದ್ದಾರೆ. ಹೇಳುವುದಿಲ್ಲ, ಬರೆದಿದ್ದೇನೆ. ಈಗ ಹಿತ್ತಲಲ್ಲಿ ಪೈಪು ಕೊರೆಯುವ ಸದ್ದು ಕೇಳುತ್ತಿದೆ. ಹಿಂಬಾಗಿಲಿಗೆ ಒಂದು ಶವರ್ ಹಾಕುತ್ತಿದ್ದಾರೆ. ನಿನಗಾಗಿ ಎಂದುಕೊಂಡೆ. "ಮೊದಲು ನಂಗೆ" ಅಂದರು. ಮಗು ನಿನ್ನೆ ಒಂದು ಸಲ ಸೀನಿತು, ಮನುಷ್ಯ ಕುರ್ಚಿಯ ಹಿಂದೆ ಹೋಗಿ ನಿಂತರು.

ಎರಡು ವಾರದಲ್ಲಿ ಆಸ್ಪತ್ರೆಯವರನ್ನು ಬಿಟ್ಟರೆ ನಾವಿಬ್ಬರೇ ಮಗುವನ್ನು ಎತ್ತಿಕೊಂಡಿದ್ದೇವೆ. ನೋಡಲು ಬಂದವರಿಗೆಲ್ಲ ನಿನ್ನ ಭಾವ "ಇನ್ನೊಬ್ರು ಬರೋದಿದೆ, ಅವರಾದ ಮೇಲೆ" ಎನ್ನುತ್ತಿದ್ದಾರೆ. ಬಾ.

ಅಕ್ಕ

ಇದರ ಕೆಳಗೆ ಅವರು ಏನೋ ಬರೆಯಬೇಕಂತೆ:

ಚಿರಂಜೀವಿ ಭಾಮೈದನಿಗೆ. ಆದದ್ದು ಆಯಿತು. ಹಂದಿಗಳು ಚೇತರಿಸಿಕೊಂಡದ್ದು ತಿಳಿದು ಸಮಾಧಾನ. ನಿಮ್ಮ ಗೇಟಿನ ಸ್ನಾನದ ಕೋಣೆಯಲ್ಲಿ ಶವರ್ ಯಾವ ಅಳತೆಯದು? ನೀರಿನ ರಭಸ ಹೇಗಿದೆ? ಆ ಮೇಲ್ವಿಚಾರಕರಿಗೆ ಬೇಕಾದರೆ ನಮ್ಮ ಅಂಗಡಿಯಿಂದ ಎರಡು ಒಳ್ಳೆಯ ಶವರ್ ನನ್ನ ಕಡೆಯಿಂದ ಉಚಿತ.


ಫೆಬ್ರವರಿ 21

ಅಕ್ಕಾ,

ನಿನ್ನ ಕಾಗದವನ್ನು ಸಗಣಿ ಗುಂಡಿಯ ಪಕ್ಕ ನಿಂತು ಓದಿದೆ. ಆಮ್ಲಜನಕದ ಕೊಳವೆ ಎಂಬಲ್ಲಿ ಸಲಿಕೆ ಕೈಜಾರಿ ಗುಂಡಿಗೆ ಬಿತ್ತು. ನಾನು ಇಲ್ಲಿ ಹಂದಿಯ ಉಸಿರಿಗೆ ಊದುತ್ತಿದ್ದಾಗ ನೀನು ಅಲ್ಲಿ ಉಸಿರಿಗೆ ಒದ್ದಾಡುತ್ತಿದ್ದೆ. ನಾನು ಕಿಟಕಿ ದೊಡ್ಡದು ಮಾಡಿಸಿದ್ದಕ್ಕೆ ಶಹಬ್ಬಾಸ್ ಹೇಳಿ ಕಾಗದ ಬರೆದೆ. ಇನ್ನು ಮೇಲೆ ನೀನು 'ಚೆನ್ನಾಗಿದ್ದೇನೆ' ಎಂದು ಎರಡು ಸಲ ಬರೆದರೆ ಆ ದಿನವೇ ಹೊರಟು ಬರುತ್ತೇನೆ, ಗೊತ್ತಿರಲಿ.

ಗೇಟಿನ ಬೀಗ ತೆಗೆದಿದ್ದಾರೆ. ಡಾಕ್ಟರಮ್ಮ ನಮ್ಮ ಮೂಗುಗಳಿಗೂ ಹಂದಿಗಳ ಮೂಗುಗಳಿಗೂ ಮತ್ತೊಮ್ಮೆ ಕಡ್ಡಿ ಹಾಕಿ ನೋಡಿದರು, ಯಾರಲ್ಲೂ ಏನೂ ಇಲ್ಲ, ಹೊಸದೇನೂ ಹುಟ್ಟಿಲ್ಲ. ಯಜಮಾನರ ಹತ್ತಿರ ರಜೆ ಕೇಳಲು ಹೋದೆ. "ವಾಪಸ್ ಬರ್ತೀಯೋ, ಹಿಂದಿನ ಕೆಲಸಗಳ ಹಾಗೆ ಓಡಿಹೋಗ್ತೀಯೋ? ನಿಜ ಹೇಳು" ಅಂದರು. "ಹೆರಿಗೆ ಶೆಡ್ಡಿಗೆ ಹಾಕಿದ್ರೆ ಬರ್ತೀನಿ, ಗುಂಡಿಗೇ ಹಾಕಿದ್ರೆ ಯೋಚನೆ ಮಾಡ್ತೀನಿ" ಅಂದೆ. "ಬಾಯಿಂದ ಊದಬಾರ್ದು" ಅಂದರು. "ಊದಲ್ಲ. ಕೈಯಿಂದ ಒತ್ತಿ ಗಾಳಿ ಊದೋಕೆ ಒಂದು ರಬ್ಬರ್ ಬುರುಡೆ ತರಿಸಿಕೊಡಿ" ಅಂದೆ. ತರಿಸುತ್ತಾರಂತೆ.

ಸೋಪಣ್ಣನಿಗೆ ಭಾವನ ಶವರ್ ವಿಷಯ ಹೇಳಲು ಗೇಟಿಗೆ ಹೋದೆ. ಅವರು ಮುಖ ತಿರುಗಿಸಿಕೊಂಡೇ ಕೇಳಿಸಿಕೊಂಡರು. ಆಮೇಲೆ ಜೇಬಿನಿಂದ ಟಾರ್ಚು ತೆಗೆದರು.

"ಬಾಯಿ ತೆಗಿ. ಆ ಅನ್ನು."

"ಗಂಟಲು ನೋಡೋ ಹೊಸ ನಿಯಮ ಒಳಗೆ ಬರೋರಿಗಲ್ವಾ? ನಾನು ಹೊರಗೆ ಹೋಗ್ತಿದ್ದೀನಿ."

"ಹಸುಗೂಸಿನ ಹತ್ರ ಹೋಗ್ತಿದ್ದೀಯಂತಲ್ಲ. ಮುಚ್ಕೊಂಡು ತೆಗಿ."

ಮುಚ್ಚಿಕೊಂಡು ಹೇಗೆ ತೆಗೆಯುವುದು ಎಂದು ಕೇಳಲಿಲ್ಲ. ತೆಗೆದೆ. ಆ ಕಡೆ ಈ ಕಡೆ ಬೆಳಕು ಬಿಟ್ಟು, ಬಹಳ ಹೊತ್ತು ನೋಡಿದರು. "ಚೆನ್ನಾಗಿದೆ" ಅಂದರು. ಆಮೇಲೆ "ಕಿವಿ ಹಿಂದೆ ತಿಕ್ಕಿದ್ಯಾ?" ಅಂದರು. ಅಕ್ಕಾ, ನನಗೆ ಅಳು ಬಂತು. ತಿಕ್ಕಿರಲಿಲ್ಲ. ಹಾಗೇ ಹೇಳಿದೆ. ಮತ್ತೆ ಸ್ನಾನಕ್ಕೆ ಅಟ್ಟಿದರು.

ಬಂದ ಮೇಲೆ ಮೊದಲ ಎರಡು ರಾತ್ರಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಮಲಗುತ್ತೇನೆ. ಕೆಮ್ಮಿಲ್ಲ, ಜ್ವರವಿಲ್ಲ ಎಂದಾದರೆ ಹಿಂಬಾಗಿಲಿನ ಶವರ್‌ನಲ್ಲಿ ಮಿಂದು ಒಳಗೆ ಬರುತ್ತೇನೆ. ಇದು ಭಾವನ ನಿಯಮವಲ್ಲ, ನನ್ನದು. ಅಷ್ಟರೊಳಗೆ ಭಾವನಿಗೆ ಮತ್ತೆ ಧೂಳಿನ ಅಲರ್ಜಿಯಾದರೆ ಆ ಕೋಣೆಯಲ್ಲಿ ಇಬ್ಬರಿಗೂ ಜಾಗವಿದೆ. ಶವರ್ ಅಳತೆಯನ್ನು ಗೇಣಿನಲ್ಲೇ ಅಳೆದಿದ್ದೇನೆ, ಬಂದು ಹೇಳುತ್ತೇನೆ.

ಈ ಸಲ ಬಿಸ್ಕತ್ತು ತರುವುದಿಲ್ಲ. ಬರಿಗೈಯಲ್ಲಿ ಬರುತ್ತೇನೆ, ಮೊಣಕೈಯವರೆಗೆ ತೊಳೆದುಕೊಂಡು.

ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತೇನೆ, ಈ ಕಾಗದಕ್ಕಿಂತ ಮೊದಲೇ ಬಂದು ಸೇರುತ್ತೇನೇನೋ.

ನಿನ್ನ ತಮ್ಮ